ಮೈದಾನದಂಚಿನ ಮೇಷ್ಟ್ರು ರಹೀಮ್ ಸಾಹೇಬ್

ಕಲಬುರಗಿ: ಶಹಾಬಜಾರದಂತಹ ಬಡಾವಣೆಯ ಮನೆಯೊಂದರಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಫುಟ್‌ಬಾಲ್ ತಂಡವನ್ನು ನಡೆಸುವ ಆಟ ಇಂದಿನ ಯುವಕರಿಗೆ ಹೊಸದಲ್ಲ. ಪಂದ್ಯ ಸಾಗುತ್ತಿರುವಾಗಲೇ ರಕ್ಷಣಾ ಆಟಗಾರನನ್ನು ಮುಂದಕ್ಕೆ ಕಳುಹಿಸಬಹುದು, ವ್ಯೂಹವನ್ನು ಬದಲಿಸಬಹುದು, ದಣಿದವರನ್ನು ಹೊರಗೆ ಕರೆಸಬಹುದು. ಸೋತರೆ ಮತ್ತೊಮ್ಮೆ ಆಡಬಹುದು. ಆದರೆ ಇದೇ ಕೆಲಸವನ್ನು ನಿಜವಾದ ಮೈದಾನದಲ್ಲಿ, ಬದಲಿ ಆಟಗಾರರ ಅನುಕೂಲವಿಲ್ಲದ ಕಾಲದಲ್ಲಿ, ಕೊನೆಗೆ ತಮ್ಮ ದೇಹವೇ ಕೈಕೊಡುತ್ತಿದ್ದ ಹೊತ್ತಿನಲ್ಲಿ ಮಾಡಿ ತೋರಿಸಿದ ಶಾಲಾ ಮೇಷ್ಟ್ರೊಬ್ಬರು ಹೈದರಾಬಾದಿನಲ್ಲಿದ್ದರು. ಅವರೇ ಸೈಯದ್ ಅಬ್ದುಲ್ ರಹೀಮ್. ಆಟಗಾರರ ಪಾಲಿಗೆ ಅವರು ರಹೀಮ್ ಸಾಹೇಬ್.

ರಹೀಮ್ ಈ ಭಾಗದ ಜನರಿಗೆ ಹೊರಗಿನವರಲ್ಲ. 1956ರ ನವೆಂಬರ್ 1ರವರೆಗೆ ಅಂದಿನ ಗುಲಬರ್ಗಾ, ಬೀದರ್ ಮತ್ತು ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ವರ್ಷಗಳಲ್ಲಿ ದೇಶದ ಫುಟ್‌ಬಾಲ್‌ನಲ್ಲಿ ಮೆರೆದ ಹೈದರಾಬಾದ್ ತಂಡ ಈ ಜಿಲ್ಲೆಗಳ ಪಾಲಿಗೂ ಸ್ವಂತ ರಾಜ್ಯದ ತಂಡವೇ ಆಗಿತ್ತು.

ಶಾಲೆಯಿಂದ ಮೈದಾನಕ್ಕೆ

ರಹೀಮ್ ಜನಿಸಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಅದರ ತಂಡದ ಪರ ಆಡಿದರು. ವೃತ್ತಿಯಾಗಿ ಆರಿಸಿಕೊಂಡಿದ್ದು ಅಧ್ಯಾಪನವನ್ನು. ಕಾಚಿಗುಡಾ, ಚಾದರ್‌ಘಾಟ್ ಮೊದಲಾದೆಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಮಕ್ಕಳ ಕ್ರೀಡಾ ಚಟುವಟಿಕೆಗಳ ಹೊಣೆಯನ್ನೂ ಹೊತ್ತರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು.

ಅವರ ತರಬೇತಿಯಲ್ಲಿ ಶಿಕ್ಷಕನ ಗುಣವೇ ಎದ್ದು ಕಾಣುತ್ತಿತ್ತು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬನೇ ಓಡುವ ಚಪಲ ಅಂದಿನ ಆಟಗಾರರಲ್ಲಿ ಹೆಚ್ಚಾಗಿತ್ತು. ಅದನ್ನು ಬಿಡಿಸಲು ಅವರು ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನೇ ಏರ್ಪಡಿಸಿದರು. ಬಲಗಾಲಿನವರು ಎಡಗಾಲಿನಲ್ಲಿ, ಎಡಗಾಲಿನವರು ಬಲಗಾಲಿನಲ್ಲಿ ಮಾತ್ರ ಒದೆಯಬೇಕೆಂಬ ಪಂದ್ಯಗಳೂ ನಡೆದವು. ಎರಡೂ ಕಾಲು ಪಳಗಿದ ಆಟಗಾರನನ್ನು ಮೈದಾನದ ಯಾವ ಬದಿಗಾದರೂ ಸರಿಸಬಹುದು ಎಂಬುದು ಇದರ ಹಿಂದಿನ ಲೆಕ್ಕಾಚಾರ. ಪಂದ್ಯದ ನಡುವೆ ತಂತ್ರ ಬದಲಿಸಬೇಕಾದರೆ ಬದಲಾಗಬಲ್ಲ ಆಟಗಾರರು ಮೊದಲು ಬೇಕು. ರಹೀಮ್ ಅವರನ್ನು ಅಭ್ಯಾಸದ ಅಂಗಳದಲ್ಲೇ ಸಿದ್ಧಪಡಿಸುತ್ತಿದ್ದರು.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯ ಹೊಣೆ ಅವರದಾಯಿತು. ಅದೇ ವರ್ಷ ತಂಡ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ತಂಡವನ್ನು ಮಣಿಸಿತು. ಮುಂಬೈಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರವರೆಗೆ ಸತತ 5 ಬಾರಿ ಗೆದ್ದುಕೊಂಡಿತು. 1956-57 ಮತ್ತು 1957-58ರ ಸಾಲಿನ ಸಂತೋಷ್ ಟ್ರೋಫಿ ಹೈದರಾಬಾದ್ ಪಾಲಾಯಿತು. ಬಂಗಾಳವೇ ಭಾರತದ ಫುಟ್‌ಬಾಲ್ ಎಂಬ ನಂಬಿಕೆಯನ್ನು ದಖ್ಖನಿನ ಈ ತಂಡ ಅಲುಗಾಡಿಸಿತು.

ಒಂದು ಸೋಲು ಕಲಿಸಿದ ಪಾಠ

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮ್ ಮಾರ್ಗದರ್ಶನದ ಭಾರತ ತಂಡ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಗಳಿಸಿದವರು ಸಾಹು ಮೇವಾಲಾಲ್. ಈ ಸಂಭ್ರಮ ಬಹುಕಾಲ ಉಳಿಯಲಿಲ್ಲ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಬಗ್ಗುಬಡಿಯಿತು. ಭಾರತದ ಆ ಏಕೈಕ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಚಳಿಯ ನಾಡಿನಲ್ಲಿ ತಂಡದ ಹಲವರು ಬರಿಗಾಲಿನಲ್ಲಿ ಆಡಿದ್ದರು. ಇದರ ಬೆನ್ನಲ್ಲೇ ದೇಶದಲ್ಲಿ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು.

ಸೋಲಿಗೆ ಬರಿಗಾಲೊಂದೇ ಕಾರಣವಲ್ಲವೆಂಬುದನ್ನು ರಹೀಮ್ ಕಂಡುಕೊಂಡರು. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರನ್ನು ನಿಲ್ಲಿಸುವ ಹಳೆಯ ವ್ಯೂಹ ಯುರೋಪಿನ ವೇಗದ ಪಾಸುಗಳೆದುರು ಚೂರಾಗುತ್ತಿತ್ತು. ಅದೇ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಂಗೆರಿ ತಂಡ ತನ್ನ ಸೆಂಟರ್ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆ ಸರಿಸಿ ಆಡುವ ವಿಧಾನದಿಂದ ಜಗತ್ತಿನ ಗಮನ ಸೆಳೆಯತೊಡಗಿತ್ತು. ಮುಂದಿರಬೇಕಾದವನು ಹಿಂದೆ ಸರಿದರೆ ಅವನನ್ನು ಕಾಯುವ ಎದುರಾಳಿ ಗೊಂದಲಕ್ಕೊಳಗಾಗುತ್ತಾನೆ. ಬೆನ್ನಟ್ಟಿ ಬಂದರೆ ಅವನ ಹಿಂದೆ ಜಾಗ ತೆರವಾಗುತ್ತದೆ, ಬಾರದಿದ್ದರೆ ಹಿಂದೆ ಸರಿದವನು ನಿರಾತಂಕವಾಗಿ ಚೆಂಡು ಹಂಚುತ್ತಾನೆ. ರಹೀಮ್ ಈ ಸೂತ್ರವನ್ನು ಭಾರತದ ಆಟಗಾರರಿಗೆ ಹೊಂದಿಸಿದರು. ಕ್ರಮೇಣ ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರ 4-2-4 ವ್ಯೂಹವನ್ನು ರೂಢಿಗೆ ತಂದರು. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಈ ವ್ಯೂಹವನ್ನು ಜಗತ್ಪ್ರಸಿದ್ಧಗೊಳಿಸುವ ಮುನ್ನವೇ ರಹೀಮ್ ಅದರ ಪ್ರಯೋಗ ನಡೆಸಿದ್ದರೆಂದು ಕ್ರೀಡಾ ಇತಿಹಾಸಕಾರರು ಗುರುತಿಸುತ್ತಾರೆ.

ಫಲ ಕಂಡಿದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಾಗಿದ್ದ ಡಿಸೆಂಬರ್ 1ರಂದು ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಗಳಿಸಿದರು. ಮೈಸೂರು ರಾಜ್ಯದ ಕೆಂಪಯ್ಯ ಆ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯ ವಿರುದ್ಧ ಭಾರತವೇ ಮೊದಲ ಗೋಲು ಗಳಿಸಿದರೂ 1-4ರಿಂದ ಸೋತಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಕ್ಕೆ 0-3ರಿಂದ ಶರಣಾಗಿ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆ ಇಂದಿಗೂ ಅದೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-1ರ ಸಮಬಲ ಸಾಧಿಸಿದ ತಂಡವೂ ರಹೀಮ್ ಅವರದೇ.

ಜಕಾರ್ತದ ಪರೀಕ್ಷೆ

1962ರಲ್ಲಿ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೆ ತೆರಳುವಾಗ ರಹೀಮ್ ಶ್ವಾಸಕೋಶದ ಕ್ಯಾನ್ಸರಿನಿಂದ ಬಳಲುತ್ತಿದ್ದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2-0ರಿಂದ ಭಾರತವನ್ನು ಸೋಲಿಸಿತು. ಬಳಿಕ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ರಿಂದ ಮಣಿಸಿದರೂ ಗೆಲುವಿಗೆ ಬೆಲೆ ತೆರಬೇಕಾಯಿತು. ರಕ್ಷಣೆಯ ಆಧಾರಸ್ತಂಭ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡರು.

ಅಂದಿನ ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಆಟ ಆರಂಭವಾದ ಮೇಲೆ ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. ವಿಶ್ವಕಪ್‌ನಲ್ಲೇ ಅದಕ್ಕೆ ಅವಕಾಶ ದೊರೆತದ್ದು 1970ರಲ್ಲಿ. ಇಳಿಸಿದ ಹನ್ನೊಂದು ಮಂದಿಯೇ ಕೊನೆಯವರೆಗೆ. ಗಾಯಾಳುವನ್ನು ಆಡಿಸಿದರೆ ನಡುವೆ ಕುಸಿಯುವ ಭಯ, ಹೊರಗಿಟ್ಟರೆ ತಂಡದ ಬಲ ಕುಂದುವ ಚಿಂತೆ. ಈ ಇಕ್ಕಟ್ಟಿನಲ್ಲಿ ರಹೀಮ್ ಯಾರೂ ನಿರೀಕ್ಷಿಸದ ನಿರ್ಧಾರ ಕೈಗೊಂಡರು. ಜರ್ನೈಲ್ ಅವರನ್ನು ರಕ್ಷಣೆಯಿಂದ ತೆಗೆದು ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ಹಿಂಬದಿಯ ನಡುಭಾಗದ ಹೊಣೆ ಅರುಣ್ ಘೋಷ್ ಅವರ ಹೆಗಲೇರಿತು. ಜರ್ನೈಲ್ ಅವರ ಮೈಕಟ್ಟು ಎದುರಾಳಿಯ ರಕ್ಷಣೆಯನ್ನು ಕಂಗೆಡಿಸಿದರೆ ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ಬಲರಾಮ್ ಅವರಿಗೆ ಜಾಗ ಸಿಗುತ್ತದೆಂಬುದು ಎಣಿಕೆ. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರ ಗೆಲುವು ಬಂತು. ಜರ್ನೈಲ್ ಅದರಲ್ಲೊಂದು ಗೋಲು ಗಳಿಸಿದರು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಗಿದ್ದು ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಕೂಟದಿಂದ ದೂರವಿಟ್ಟಿದ್ದನ್ನು ಭಾರತದ ಕ್ರೀಡಾಡಳಿತಗಾರ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಜಕಾರ್ತದ ಜನ ಕೆರಳಿದ್ದರು. ಕಿಕ್ಕಿರಿದ ಕ್ರೀಡಾಂಗಣ ಭಾರತೀಯರನ್ನು ಮೂದಲಿಸುತ್ತಿತ್ತು. ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ತಮ್ಮನ್ನು ಹುರಿದುಂಬಿಸಿದರೆಂದು ಭಾರತದ ಆಟಗಾರರು ಮುಂದೆ ನೆನೆದಿದ್ದಾರೆ. ಹಿಂದಿನ ರಾತ್ರಿ ರಹೀಮ್ ತಮ್ಮ ಹುಡುಗರ ಬಳಿ ಕೇಳಿದ್ದು ಒಂದೇ ಉಡುಗೊರೆಯನ್ನು, ಅದು ಚಿನ್ನ.

17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಗಳಿಸಿದರು. ಮೂರೇ ನಿಮಿಷಗಳಲ್ಲಿ ಜರ್ನೈಲ್ ಎರಡನೆಯದನ್ನು ಸೇರಿಸಿದರು. ಕೊರಿಯ ಕೊನೆಯ ಹೊತ್ತಿನಲ್ಲಿ ಒಂದು ಗೋಲು ಮರಳಿಸಿದರೂ ಪೀಟರ್ ತಂಗರಾಜ್ ಕಾಯ್ದ ಭಾರತದ ಗೋಲು ಮತ್ತೆ ತೆರೆಯಲಿಲ್ಲ. ಮೊದಲ ಪಂದ್ಯದಲ್ಲಿ ಸೋಲಿಸಿದ ತಂಡವನ್ನೇ 2-1ರಿಂದ ಮಣಿಸಿ ಭಾರತ ಚಿನ್ನ ಪಡೆಯಿತು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದ ಸದಸ್ಯರಾಗಿದ್ದರು.

ಅಳಿದ ಮೇಲೆ

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ರಹೀಮ್ ನಿಧನರಾದರು. ಅವರಿಗಾಗ 53 ವರ್ಷ. ತರಬೇತುದಾರರಿಗೆಂದೇ ಮೀಸಲಾದ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾಗಿದ್ದು 1985ರಲ್ಲಿ. 2024ರಲ್ಲಿ ತೆರೆಕಂಡ ‘ಮೈದಾನ್’ ಹಿಂದಿ ಚಿತ್ರದಿಂದ ಹೊಸ ಪೀಳಿಗೆಗೆ ಅವರ ಹೆಸರು ಪರಿಚಯವಾಯಿತು.

ಪುತ್ರ ಎಸ್.ಎಸ್. ಹಕೀಂ ತಂದೆಯ ಹಾದಿಯಲ್ಲೇ ನಡೆದರು. ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದ ಅವರು ವಾಯುಪಡೆಯಲ್ಲಿ ಸೇವೆ ಸಲ್ಲಿಸಿದರು, ತರಬೇತುದಾರರೂ ಅಂತರರಾಷ್ಟ್ರೀಯ ರೆಫರಿಯೂ ಆದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಕಲಬುರಗಿಯ ಆಸ್ಪತ್ರೆಯಲ್ಲಿ. ಹೈದರಾಬಾದಿನ ಆ ಫುಟ್‌ಬಾಲ್ ಪರಂಪರೆಯ ಒಂದು ಕೊಂಡಿ ಕಳಚಿದ್ದು ಹೀಗೆ ಈ ಊರಿನಲ್ಲೇ.

1962ರ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ದಕ್ಕಿಲ್ಲ. 1970ರ ಕಂಚೇ ಕೊನೆಯ ಪದಕ. ಪರದೆಯ ಮೇಲೆ ಒಂದು ಗುಂಡಿ ಒತ್ತಿ ವ್ಯೂಹ ಬದಲಿಸುವವರಿಗೆ ರಹೀಮ್ ಬದುಕು ಹೇಳುವ ಪಾಠ ಸರಳವಾದುದು. ಪಂದ್ಯದ ಹೊತ್ತಿನ ಬದಲಾವಣೆಗೆ ಒಂದು ಕ್ಷಣ ಸಾಕು. ಅದಕ್ಕೆ ಒಗ್ಗುವ ಆಟಗಾರರನ್ನು ರೂಪಿಸಲು ಮೇಷ್ಟ್ರೊಬ್ಬರ ಇಡೀ ಆಯುಷ್ಯ ಬೇಕಾಯಿತು.