ಗಗನಯಾತ್ರೆಗೆ ನೆಲಗಟ್ಟು ಹಾಕಿದ ಸತೀಶ ಧವನ

ಕತ್ತಲಾಗುವ ಹೊತ್ತಿನಲ್ಲಿ ಜಲನಗರದ ನಮ್ಮ ಮನೆಯ ಮಾಳಿಗೆಯೇರಿ ನಿಂತರೆ, ಕೆಲವು ದಿನ, ಮಿನುಗದೆ ಸಮನಾಗಿ ಬೆಳಗುವ ಚುಕ್ಕೆಯೊಂದು ಪಡುವಣದ ಕಡೆಯಿಂದ ಮೂಡಣದ ಕಡೆಗೆ ಸದ್ದಿಲ್ಲದೆ ಸಾಗುವುದು ಕಣ್ಣಿಗೆ ಬೀಳುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಅದು ಭೂಮಿಯ ನೆರಳನ್ನು ಹೊಕ್ಕು ಮರೆಯಾಗುತ್ತದೆ. ಅದು ನಕ್ಷತ್ರವಲ್ಲ, ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ ೯೦ ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತಿಬರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ. ೨೦೦೦ದ ನವೆಂಬರಿನಿಂದ ಅದರಲ್ಲಿ ಮನುಷ್ಯರ ವಾಸ ಒಂದು ದಿನವೂ ತಪ್ಪಿಲ್ಲ. ೨೦೨೫ರ ಜೂನ್‌ನಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿ ಹದಿನೆಂಟು ದಿನ ಇದ್ದು ಬಂದರು. ಅದಕ್ಕೆ ನಲವತ್ತೊಂದು ವರ್ಷ ಮೊದಲು, ೧೯೮೪ರ ಏಪ್ರಿಲ್‌ನಲ್ಲಿ, ರಾಕೇಶ ಶರ್ಮಾ ಸೋವಿಯತ್ ನೌಕೆಯನ್ನೇರಿ ಸಾಲ್ಯೂಟ್-೭ ಎಂಬ ನಿಲ್ದಾಣವನ್ನು ಮುಟ್ಟಿದ್ದರು.

ಈ ಇಬ್ಬರ ಹೆಸರು ನಮ್ಮ ವಿದ್ಯಾರ್ಥಿಗಳ ನಾಲಗೆಯ ಮೇಲಿದೆ. ಮೇಲೆ ಹೋದವರನ್ನು ಲೋಕ ನೆನೆಯುವುದು ಸಹಜ. ನೆಲದ ಮೇಲೆಯೇ ನಿಂತು ಬಾನಿನ ದಾರಿಯನ್ನು ಹದಗೊಳಿಸಿದ ಸತೀಶ ಧವನರ ಹೆಸರಾದರೋ, ರಾಕೆಟ್ಟು ಏರುವ ದಿನ ಒಂದು ಸ್ಥಳನಾಮವಾಗಿ ಮಾತ್ರ ಕಿವಿಗೆ ಬೀಳುತ್ತದೆ. ಆ ಹೆಸರಿನ ಹಿಂದಿದ್ದ ಮನುಷ್ಯ ಎಂಥವನೆಂಬುದು ತಿಳಿಯದಿದ್ದರೆ, ಭಾರತದ ಗಗನಯಾತ್ರೆಯ ಕಥೆಯಲ್ಲಿ ಮುಖ್ಯವಾದ ಅಧ್ಯಾಯವೇ ಬಿಟ್ಟುಹೋದಂತೆ.

ಧವನರು ಹುಟ್ಟಿದ್ದು ೧೯೨೦ರ ಸೆಪ್ಟೆಂಬರ್ ೨೫ರಂದು, ಶ್ರೀನಗರದಲ್ಲಿ. ಓದಿದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಅದರ ಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಬಳಿಕ ಯಂತ್ರಶಾಸ್ತ್ರದಲ್ಲಿ ಬಿ.ಇ. — ಈ ಮೂರು ಪದವಿಗಳು ಒಬ್ಬನಲ್ಲೇ ಕೂಡಿದ್ದನ್ನು ಕಂಡಾಗ ನಮ್ಮಂಥ ಸಾಹಿತ್ಯದ ಅಧ್ಯಾಪಕರಿಗೆ ಒಳಗೊಳಗೆ ಹಿಗ್ಗಾಗುವುದುಂಟು. ಮುಂದೆ ಅಮೆರಿಕಕ್ಕೆ ಹೋಗಿ ಮಿನೆಸೋಟದಲ್ಲಿ ಎಂ.ಎಸ್. ಮುಗಿಸಿ, ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ ಎಂಬ ಹಿರಿಯ ವಿದ್ವಾಂಸರ ಬಳಿ ಸಂಶೋಧನೆ ನಡೆಸಿ, ೧೯೫೧ರಲ್ಲಿ ಡಾಕ್ಟರೇಟ್ ಪಡೆದರು. ವೇಗವಾಗಿ ಹರಿಯುವ ಗಾಳಿ ತಾನು ತಾಗಿದ ಮೈಯನ್ನು ಎಷ್ಟು ಬಲದಿಂದ ಉಜ್ಜುತ್ತದೆಂಬುದನ್ನು ನೇರವಾಗಿ ಅಳೆಯುವುದು ಅವರ ಸಂಶೋಧನೆಯ ವಿಷಯವಾಗಿತ್ತು.

ಅದೇ ವರ್ಷ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಂದಿನಿಂದ ಕೊನೆಯವರೆಗೂ ಕರ್ನಾಟಕವೇ ಅವರ ಕರ್ಮಭೂಮಿಯಾಯಿತು. ಶಬ್ದಕ್ಕಿಂತ ವೇಗವಾಗಿ ಗಾಳಿಯನ್ನು ಹಾಯಿಸಬಲ್ಲ ವಾಯುಸುರಂಗವನ್ನು ಅವರು ಅಲ್ಲಿ ಕಟ್ಟಿಸಿದರು. ವಿಮಾನವನ್ನು ಹಾರಿಸಿ ನೋಡುವ ಬದಲು ಅದರ ಪುಟ್ಟ ಮಾದರಿಯನ್ನು ನಿಶ್ಚಲವಾಗಿ ನಿಲ್ಲಿಸಿ, ಗಾಳಿಯನ್ನೇ ಅದರ ಮೇಲೆ ಓಡಿಸುವ ಸಾಧನವಿದು. ಇದರಲ್ಲಿ ಮಾದರಿ ಸೋತರೆ ಯಾರ ಜೀವವೂ ಹೋಗುವುದಿಲ್ಲ; ಸೋಲಿನ ಪಾಠ ಮಾತ್ರ ಉಳಿಯುತ್ತದೆ. ಧವನರ ಇಡೀ ಬಾಳಿನ ರೀತಿ ಈ ಸಾಧನದಲ್ಲಿಯೇ ಅಡಗಿತ್ತೆಂದು ನನಗೆ ಅನ್ನಿಸುತ್ತದೆ. ೧೯೬೨ರಲ್ಲಿ ಅವರು ಆ ಸಂಸ್ಥೆಯ ನಿರ್ದೇಶಕರಾದರು. ೧೯೮೧ರವರೆಗೆ ಆ ಸ್ಥಾನದಲ್ಲಿದ್ದರು.

೧೯೭೧ನೆಯ ವರ್ಷ ಅಂತರಿಕ್ಷದ ಚರಿತ್ರೆಯಲ್ಲಿ ಸಂತೋಷ ದುಃಖಗಳೆರಡನ್ನೂ ತಂದ ವರ್ಷ. ಏಪ್ರಿಲ್‌ನಲ್ಲಿ ಸೋವಿಯತ್ ದೇಶ ಸಾಲ್ಯೂಟ್-೧ ಎಂಬ ಜಗತ್ತಿನ ಮೊತ್ತಮೊದಲ ನಿಲ್ದಾಣವನ್ನು ಕಕ್ಷೆಗೇರಿಸಿತು. ಅಲ್ಲಿ ಮೂರು ವಾರಗಳಿಗೂ ಮೇಲ್ಪಟ್ಟು ನೆಲಸಿದ್ದ ಮೂವರು ಯಾತ್ರಿಗಳು ಜೂನ್ ಕೊನೆಯಲ್ಲಿ ಹಿಂದಿರುಗುವಾಗ, ನೌಕೆಯ ಒಂದು ಸಣ್ಣ ಕವಾಟ ಅಕಾಲದಲ್ಲಿ ತೆರೆದುಕೊಂಡು, ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ನೌಕೆ ಸುರಕ್ಷಿತವಾಗಿ ನೆಲ ಮುಟ್ಟಿತು. ಬಾಗಿಲು ತೆರೆದಾಗ ಒಳಗಿದ್ದ ಮೂವರಲ್ಲಿಯೂ ಉಸಿರಿರಲಿಲ್ಲ. ಅದೇ ವರ್ಷದ ಡಿಸೆಂಬರ್ ೩೦ರಂದು ನಮ್ಮ ದೇಶದಲ್ಲಿ ಅಂತರಿಕ್ಷ ಕಾರ್ಯವನ್ನು ಹುಟ್ಟುಹಾಕಿದ ವಿಕ್ರಮ ಸಾರಾಭಾಯಿ ಹಠಾತ್ತನೆ ತೀರಿಕೊಂಡರು.

ಆಗ ಧವನರು ಅಮೆರಿಕದಲ್ಲಿದ್ದರು. ಸಾರಾಭಾಯಿಯವರ ಸ್ಥಾನಕ್ಕೆ ಬರಬೇಕೆಂದು ಪ್ರಧಾನಿ ಇಂದಿರಾ ಗಾಂಧಿಯವರು ಕೇಳಿದಾಗ ಅವರು ಎರಡು ಷರತ್ತುಗಳನ್ನಿಟ್ಟರು: ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನು ತಾವು ಬಿಡುವುದಿಲ್ಲ, ಅಂತರಿಕ್ಷ ಸಂಸ್ಥೆಯ ಕೇಂದ್ರಸ್ಥಾನ ಬೆಂಗಳೂರಿನಲ್ಲಿರಬೇಕು. ಎರಡೂ ಒಪ್ಪಿಗೆಯಾದವು. ಕನ್ನಡನಾಡಿನ ರಾಜಧಾನಿ ಭಾರತದ ಅಂತರಿಕ್ಷ ಕಾರ್ಯದ ರಾಜಧಾನಿಯೂ ಆದದ್ದು ಹೀಗೆ. ಪೀಣ್ಯದ ತಗಡಿನ ಮಾಡುಗಳ ಕೆಳಗೆ, ಉಡುಪಿ ಸೀಮೆಯವರಾದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾಗಿ, ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಮೇಲೇರಿತು. ೧೯೭೯ರ ಜೂನ್‌ನಲ್ಲಿ ಏರಿದ ಎರಡನೆಯದಕ್ಕೆ ಭಾಸ್ಕರ ಎಂದು ಹೆಸರಿಟ್ಟರು. ಆ ಹೆಸರಿನ ಇಬ್ಬರು ಪ್ರಾಚೀನ ಗಣಿತಜ್ಞರಲ್ಲಿ ಎರಡನೆಯವನಾದ ಭಾಸ್ಕರಾಚಾರ್ಯನ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಹಲವು ವಿದ್ವಾಂಸರು ನಂಬುತ್ತಾರಾದ್ದರಿಂದ, ನಮ್ಮ ಊರಿನವರಿಗೆ ಆ ಉಪಗ್ರಹದ ಮೇಲೆ ತುಸು ಹೆಚ್ಚಿನ ಮಮತೆ.

ನಿಜವಾದ ಪರೀಕ್ಷೆ ಬಂದದ್ದು ಅದಾದ ಎರಡು ತಿಂಗಳಿಗೆ. ಪರರ ನೆರವಿಲ್ಲದೆ ಕಕ್ಷೆಯನ್ನು ಮುಟ್ಟಬೇಕೆಂದು ಕಟ್ಟಿದ ಎಸ್.ಎಲ್.ವಿ.-೩ ಎಂಬ ನಾಲ್ಕು ಹಂತಗಳ ರಾಕೆಟ್ಟು ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹೊರಟಿತು. ಯೋಜನೆಯ ನಿರ್ದೇಶಕರು ಎ. ಪಿ. ಜೆ. ಅಬ್ದುಲ್ ಕಲಾಂ. ಅವರು ಮುಂದೆ ಹಲವು ಸಭೆಗಳಲ್ಲಿ ಹೇಳಿಕೊಂಡಂತೆ, ಹೊರಡುವ ಮುನ್ನ ಗಣಕಯಂತ್ರ ತಡೆಯೊಡ್ಡಿತ್ತು. ಪರಿಣತರ ಮಾತನ್ನು ನಂಬಿ ಅವರು ಆ ತಡೆಯನ್ನು ಮೀರಿ ಹಾರಿಸುವ ನಿರ್ಧಾರ ಮಾಡಿದರು. ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೆಯದರಲ್ಲಿ ಹಿಡಿತ ತಪ್ಪಿತು. ಕೆಲವೇ ನಿಮಿಷಗಳಲ್ಲಿ ಹಲವು ವರ್ಷಗಳ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು.

ಪತ್ರಕರ್ತರು ಕಾದಿದ್ದರು. ಕಲಾಂ ಕುಗ್ಗಿಹೋಗಿದ್ದರು. ಧವನರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರಶ್ನೆಗಳಿಗೆಲ್ಲ ತಾವೇ ಎದೆಯೊಡ್ಡಿದರು. ಹೊಣೆ ತಮ್ಮದೆಂದರು, ತಮ್ಮ ತಂಡದಲ್ಲಿ ಪೂರ್ಣ ವಿಶ್ವಾಸವಿದೆಯೆಂದೂ ಮುಂದಿನ ವರ್ಷ ಗೆಲ್ಲುವೆವೆಂದೂ ತಿಳಿಸಿದರು. ೧೯೮೦ರ ಜುಲೈ ೧೮ರಂದು ಅದೇ ಬಗೆಯ ರಾಕೆಟ್ಟು ೩೫ ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಅಂದು ಧವನರು ಹಿಂದೆ ಸರಿದು, ಪತ್ರಕರ್ತರ ಮುಂದೆ ಮಾತನಾಡಲು ಕಲಾಂ ಅವರನ್ನೇ ಕಳುಹಿಸಿದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಹಿರಿಯನ ಔದಾರ್ಯಕ್ಕೆ ನಿದರ್ಶನವಾಗಿ ಹೇಳುವುದುಂಟು. ಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದಾಗ ನಮ್ಮ ಪಾಠದ ಗುಣವೆಂದೂ, ಕೆಟ್ಟಾಗ ಹುಡುಗರ ದೋಷವೆಂದೂ ಹೇಳಿ ರೂಢಿಯಾದ ನನಗೆ ಅದು ಅಷ್ಟಕ್ಕೇ ಮುಗಿಯುವ ಮಾತಾಗಿ ಕಾಣುವುದಿಲ್ಲ. ಸೋಲಿಗೆ ಶಿಕ್ಷೆಯಾಗುವ ಕಡೆ ಕೆಳಗಿನವನು ದೋಷವನ್ನು ಮುಚ್ಚಿಡುತ್ತಾನೆ. ಹಿರಿಯನು ಹೊಣೆ ಹೊರುವ ಕಡೆ ಮಾತ್ರ ದೋಷ ಬಾಯಿ ಬಿಡುತ್ತದೆ. ಯಾವುದೇ ಯೋಜನೆಯನ್ನು ಹೊರಗಿನ ಪರಿಣತರೂ ಸೇರಿದ ಸಮಿತಿಗಳು ಕಟುವಾಗಿ ಪರಿಶೀಲಿಸಬೇಕೆಂಬ ಪದ್ಧತಿಯನ್ನು ಧವನರು ಬೇರೂರಿಸಿದ್ದೂ ಇದಕ್ಕಾಗಿಯೇ. ೧೯೮೬ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಏರುವ ಹಿಂದಿನ ರಾತ್ರಿ, ಚಳಿಗೆ ರಬ್ಬರಿನ ಬಳೆಗಳು ಬಿಗಿ ತಪ್ಪಬಹುದೆಂದು ಕೆಲವು ಎಂಜಿನಿಯರರು ಎಚ್ಚರಿಸಿದ್ದರು. ಆ ಎಚ್ಚರಿಕೆಗೆ ಬೆಲೆ ಸಿಗಲಿಲ್ಲ. ಏಳು ಜನ ಪ್ರಾಣ ತೆತ್ತರು. ಉಪಗ್ರಹ ಬಿದ್ದರೆ ಇನ್ನೊಂದನ್ನು ಕಟ್ಟಬಹುದು. ಮನುಷ್ಯನನ್ನು ಹೊತ್ತ ನೌಕೆಯಲ್ಲಿ ಮುಚ್ಚಿಟ್ಟ ದೋಷವೆಂದರೆ ಕೊಲೆಗೆ ಸಮಾನ.

೧೯೮೪ರಲ್ಲಿ, ರಾಕೇಶ ಶರ್ಮಾ ಮೇಲೆ ಹೋಗಿಬಂದ ವರ್ಷವೇ, ಧವನರು ಅಧ್ಯಕ್ಷಸ್ಥಾನದಿಂದ ಇಳಿದರು. ಬಳಿಕ ಹಕ್ಕಿಗಳತ್ತ ತಿರುಗಿದರು. ಶ್ರೀಹರಿಕೋಟೆಯ ಮಗ್ಗುಲಿಗೆ ಹಬ್ಬಿದ ಪುಲಿಕಾಟ್ ಸರೋವರಕ್ಕೆ ಬರುವ ಹಕ್ಕಿಗಳನ್ನು ಅವರು ಬಹುಕಾಲ ನೋಡಿದ್ದರು. ಹಕ್ಕಿ ಹಾರುವ ಬಗೆಯನ್ನು ಕುರಿತು ಬರೆದ ಅವರ ಪುಸ್ತಕ ೧೯೯೧ರಲ್ಲಿ ಹೊರಬಂದಿತು. ೨೦೦೨ರ ಜನವರಿ ೩ರಂದು ಬೆಂಗಳೂರಿನಲ್ಲಿ ಅವರು ಕಣ್ಮುಚ್ಚಿದರು. ಅದೇ ವರ್ಷ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಭಾರತೀಯರನ್ನು ಭಾರತದ್ದೇ ನೌಕೆಯಲ್ಲಿ ಕಳುಹಿಸುವ ಗಗನಯಾನದ ಸಿದ್ಧತೆಗಾಗಿ ೨೦೧೯ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಕೇಂದ್ರವೊಂದು ಏರ್ಪಟ್ಟಿತು. ೨೦೩೫ರ ವೇಳೆಗೆ ನಮ್ಮದೇ ನಿಲ್ದಾಣವೊಂದು ಕಕ್ಷೆಯಲ್ಲಿರಬೇಕೆಂಬ ಗುರಿಯನ್ನೂ ಸರಕಾರ ಸಾರಿದೆ. ಆ ದಾರಿಯ ಒಂದು ಹೆಜ್ಜೆಯಾಗಿ, ಅಪಾಯದಲ್ಲಿ ಯಾತ್ರಿಗಳನ್ನು ಪಾರುಮಾಡುವ ವ್ಯವಸ್ಥೆಯ ಪರೀಕ್ಷೆ ೨೦೨೩ರ ಅಕ್ಟೋಬರ್ ೨೧ರಂದು ಧವನರ ಹೆಸರಿನ ಆ ಕೇಂದ್ರದಲ್ಲಿ ನಡೆಯಿತು. ನೌಕೆಯೊಳಗೆ ಯಾರೂ ಇರಲಿಲ್ಲ. ಇನ್ನು ಐದೇ ಸೆಕೆಂಡುಗಳಿರುವಾಗ ಗಣಕಯಂತ್ರ ತಡೆಯೊಡ್ಡಿತು. ಈ ಸಲ ಯಾರೂ ಅದನ್ನು ಮೀರಲಿಲ್ಲ. ದೇಶವೆಲ್ಲ ನೋಡುತ್ತಿದ್ದಾಗಲೇ ಕೆಲಸ ನಿಲ್ಲಿಸಿ, ಕಾರಣ ಹುಡುಕಿ, ಸರಿಪಡಿಸಿ, ಹತ್ತು ಗಂಟೆಗೆ ಹಾರಿಸಿದರು. ನೌಕೆ ಸುಮಾರು ೧೭ ಕಿಲೋಮೀಟರ್ ಏರಿ, ಕೊಡೆಗಳ ಆಸರೆಯಲ್ಲಿ ಕಡಲಿಗಿಳಿಯಿತು.

೧೯೭೯ರ ರಾಕೆಟ್ಟು ಮುಳುಗಿದ್ದೂ ಅದೇ ಕಡಲಿನಲ್ಲಿ. ಆ ಸೋಲನ್ನು ಅಂದು ಯಾರ ತಲೆಗಾದರೂ ಕಟ್ಟಿ ಮರೆತಿದ್ದರೆ, ಇಂದು ತಡೆಯ ಮಾತಿಗೆ ಕಿವಿಗೊಡುವ ಅಭ್ಯಾಸ ಬೆಳೆಯುತ್ತಿರಲಿಲ್ಲ. ಮುಂದೊಂದು ಸಂಜೆ ನಮ್ಮ ಮಾಳಿಗೆಯ ಮೇಲಿನ ಬಾನಿನಲ್ಲಿ ನಮ್ಮದೇ ನಿಲ್ದಾಣದ ಚುಕ್ಕೆ ಸಾಗೀತು. ಅದರೊಳಗಿನವರು ಉಸಿರಾಡುತ್ತಿರುವುದಕ್ಕೆ ಈ ಅಭ್ಯಾಸವೂ ಒಂದು ಕಾರಣವಾಗಿರುತ್ತದೆ.