ಹತ್ತಿರದ ದಾರಿ ಹುಡುಕಿದ ಡೈಕ್‌ಸ್ಟ್ರಾ

ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ-ಯಡೂರು ಸೇತುವೆ ಮುಳುಗುತ್ತದೆ. ಆಗ ಆಚೆ ದಂಡೆಗೆ ಹೋಗೋಕೆ ಹತ್ತಿರದ ದಾರಿ ಯಾವುದು? ದಾರಿ ಹುಡುಕುವ ಅಲ್ಗಾರಿದಮ್‌ಗಳನ್ನು ಪರದೆ ಮೇಲೆ ಹೋಲಿಸಿ ತೋರಿಸುವ ಸಿಮ್ಯುಲೇಟರ್ ಕಟ್ಟಲು ಕೂತಾಗ ನಾವು ಇದೇ ಪ್ರಶ್ನೆ ಎತ್ತಿಕೊಂಡೆವು. ಹಳ್ಳಿಗಳು ನೋಡ್, ರಸ್ತೆಗಳು ಎಡ್ಜ್. ಆ ನೆಪದಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಬದುಕನ್ನೂ ಓದಿದೆವು.

ಅವರು ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ಲೈಡನ್‌ನಲ್ಲಿ ಓದಿದ್ದು ಭೌತಶಾಸ್ತ್ರ. 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರಕ್ಕೆ ಸೇರಿದ್ದು ಪ್ರೋಗ್ರಾಮರ್ ಆಗಿ. 1956ರಲ್ಲಿ ಅಲ್ಲಿನ ಹೊಸ ಕಂಪ್ಯೂಟರ್ ಅರ್ಮ್ಯಾಕ್ ಅನ್ನು ಜನರಿಗೆ ತೋರಿಸಬೇಕಿತ್ತು. ಗಣಿತ ಬಾರದವರಿಗೂ ಪ್ರಶ್ನೆ, ಉತ್ತರ ಎರಡೂ ತಿಳಿಯಬೇಕು. ಅದಕ್ಕೆ ಎರಡು ಊರುಗಳ ನಡುವಿನ ಹತ್ತಿರದ ದಾರಿ ಹುಡುಕೋ ಲೆಕ್ಕ ಆರಿಸಿಕೊಂಡರು. ಮದುವೆಯಾಗಲಿದ್ದ ರಿಯಾ ಜೊತೆ ಪೇಟೆ ಸುತ್ತಿ ದಣಿದು ಕಾಫಿಗೆ ಕೂತಾಗ, ಪೆನ್ನು-ಕಾಗದ ಇಲ್ಲದೆ, ಸುಮಾರು 20 ನಿಮಿಷದಲ್ಲಿ ವಿಧಾನ ಹೊಳೆಯಿತು. ನಕ್ಷೆಗೆ 64 ಊರು ಮಾತ್ರ, ಯಾಕಂದ್ರೆ ಅಷ್ಟಕ್ಕೆ 6 ಬಿಟ್ ಸಾಕು! ಅಂದ್ರೆ ಈ ಅಲ್ಗಾರಿದಮ್ ಹುಟ್ಟಿದ್ದೇ ನಮ್ಮ ಸಿಮ್ಯುಲೇಟರ್‌ನಂಥ ಒಂದು ಡೆಮೊಗಾಗಿ.

1957ರಲ್ಲಿ ಮದುವೆ ದಾಖಲೆಯಲ್ಲಿ ವೃತ್ತಿ ಪ್ರೋಗ್ರಾಮರ್ ಅಂತ ಬರೆದರೆ ಅಧಿಕಾರಿಗಳು ಒಪ್ಪಲಿಲ್ಲ. ಅಂಥ ಕೆಲಸವೇ ಇಲ್ಲ ಎಂದರಂತೆ. ಭೌತವಿಜ್ಞಾನಿ ಅಂತ ಬರೆಸಬೇಕಾಯ್ತು. ಆ ಅಲ್ಗಾರಿದಮ್ 1959ರಲ್ಲಿ ಮೂರೇ ಪುಟದ ಲೇಖನವಾಗಿ ಅಚ್ಚಾಯಿತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಡೈಕ್‌ಸ್ಟ್ರಾ ವಿಧಾನ ಹೊರಟ ಜಾಗದಿಂದ ಎಲ್ಲ ದಿಕ್ಕಿಗೂ ಹರಡುತ್ತದೆ. 1968ರಲ್ಲಿ ಬಂದ ಎ-ಸ್ಟಾರ್, ಗುರಿ ಇನ್ನೆಷ್ಟು ದೂರ ಅಂತ ಅಂದಾಜು ಹಾಕಿ ಅತ್ತಲೇ ವಾಲುತ್ತದೆ. ನಕ್ಷೆಯಲ್ಲಿ ಸೇತುವೆ ತೆಗೆದು ಎರಡನ್ನೂ ಓಡಿಸಿದೆವು. ಎ-ಸ್ಟಾರ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಟ್ಟಿತು. ಚಪ್ಪಾಳೆ ಹೊಡೆದೆವು. ಆಮೇಲೆ ನೋಡಿದರೆ ಅದು ಕೊಟ್ಟ ದಾರಿ ಡೈಕ್‌ಸ್ಟ್ರಾ ದಾರಿಗಿಂತ ಉದ್ದ!

ತಪ್ಪು ನಮ್ಮದೇ. ರಸ್ತೆಯ ಉದ್ದ ಕಿಲೋಮೀಟರ್‌ನಲ್ಲಿ, ಅಂದಾಜು ಪಿಕ್ಸೆಲ್‌ನಲ್ಲಿ. ಅಂದಾಜು ನಿಜವಾದ ದೂರಕ್ಕಿಂತ ಹೆಚ್ಚಾದರೆ ಎ-ಸ್ಟಾರ್ ಹತ್ತಿರದ ದಾರಿಯನ್ನೇ ಕೊಡುತ್ತದೆ ಅನ್ನೋ ಖಾತ್ರಿ ಇರಲ್ಲ. ಬಣ್ಣಬಣ್ಣದ ಪರದೆ ಇದನ್ನು ಹೇಳಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದಾಗ ಸಿಕ್ಕಿತು. ಹೊಳೆ ಬಂದ ದಿನ ಆಸ್ಪತ್ರೆಗೆ ಹೊರಟವರಿಗೆ ಇಂಥ ದಾರಿ ತೋರಿಸಿದ್ದರೆ?

ಸರಿ ಓಡ್ತಿದೆ ಅನಿಸೋದು ಡೈಕ್‌ಸ್ಟ್ರಾ ಅವರಿಗೆ ಸಾಲುತ್ತಿರಲಿಲ್ಲ, ಸರಿ ಅಂತ ಸಾಧಿಸಿ ತೋರಿಸಬೇಕಿತ್ತು. 1984ರಿಂದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅದನ್ನೇ ಕಲಿಸಿದರು. ತಮ್ಮ ವಿಚಾರಗಳನ್ನು ಹೆಚ್ಚಾಗಿ ಕೈಬರಹದಲ್ಲೇ 1300ಕ್ಕೂ ಹೆಚ್ಚು ಟಿಪ್ಪಣಿಗಳಾಗಿ ಬರೆದು ಹಂಚಿದರು. 2002ರ ಆಗಸ್ಟ್ 6ರಂದು ತಾಯ್ನಾಡಿನಲ್ಲಿ ತೀರಿಕೊಂಡರು.

ನಮ್ಮ ಸಿಮ್ಯುಲೇಟರ್ ಈಗ ಎರಡೂ ದಾರಿಗಳ ಉದ್ದವನ್ನು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಲ್ಯಾಬಿಗೆ ಬನ್ನಿ, ಸೇತುವೆ ಮುಳುಗಿಸಿ ನೋಡಿ. ಬರುವಾಗ ಪೆನ್ನು-ಕಾಗದ ತನ್ನಿ.