ಇವಾನ್ ವ್ಸೆವೊಲೊಜ್‌ಸ್ಕಿ: ರಂಗಮಂದಿರಗಳ ಆಡಳಿತ ಹಾಗೂ ಚೈಕೋವ್‌ಸ್ಕಿ ಅವರೊಂದಿಗಿನ ಪತ್ರ ವ್ಯವಹಾರ

ಮಾಸಾಶನ, ಧನಸಹಾಯ ಮುಂತಾದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ಕಲಾವಿದರು ಹಾಗೂ ಅವರ ಕುಟುಂಬದವರ ಮಾಹಿತಿಗಾಗಿ, ಕಲೆಗೂ ಕಛೇರಿಗೂ ಇರುವ ಸಂಬಂಧವನ್ನು ತಮ್ಮ ಪತ್ರಗಳ ಮೂಲಕವೇ ರೂಪಿಸಿದ ಅಧಿಕಾರಿಯೊಬ್ಬರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಇವಾನ್ ಅಲೆಕ್ಸಾಂಡ್ರೊವಿಚ್ ವ್ಸೆವೊಲೊಜ್‌ಸ್ಕಿ ಅವರು 1835ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದರು. ವಿಶ್ವವಿದ್ಯಾನಿಲಯದಲ್ಲಿ ಪೌರ್ವಾತ್ಯ ಭಾಷೆಗಳನ್ನು ಅಭ್ಯಾಸ ಮಾಡಿ ವಿದೇಶಾಂಗ ಸೇವೆಯನ್ನು ಸೇರಿದ ಇವರು ಹೇಗ್ ಮತ್ತು ಪ್ಯಾರಿಸ್ ನಗರಗಳಲ್ಲಿ ಕರ್ತವ್ಯ ನಿರ್ವಹಿಸಿದರು. ಚಿತ್ರಕಲೆ, ಅದರಲ್ಲಿಯೂ ವ್ಯಂಗ್ಯಚಿತ್ರ ರಚನೆ, ಇವರ ಪ್ರಿಯವಾದ ಹವ್ಯಾಸವಾಗಿತ್ತು. ಫ್ರೆಂಚ್ ಭಾಷೆ ಹಾಗೂ ಫ್ರೆಂಚ್ ಅಭಿರುಚಿ ಇವರಲ್ಲಿ ಆಳವಾಗಿ ಬೇರೂರಿತ್ತು.

1881ರಲ್ಲಿ ಮೂರನೆಯ ಅಲೆಕ್ಸಾಂಡರ್ ಚಕ್ರವರ್ತಿಯ ಕಾಲದಲ್ಲಿ ಇವರನ್ನು ಸಾಮ್ರಾಜ್ಯದ ರಂಗಮಂದಿರಗಳ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಇಲ್ಲಿ ನಿರ್ದೇಶಕರೆಂದರೆ ನಾಟಕವನ್ನು ರಂಗಕ್ಕೆ ತರುವವರೆಂದು ತಿಳಿಯಬಾರದು. ನಮ್ಮ ಇಲಾಖೆಗಳಲ್ಲಿರುವಂತೆ ಆಡಳಿತದ ಮುಖ್ಯಸ್ಥರು ಎಂದರ್ಥ. ಇವರ ಅಧಿಕಾರಾವಧಿಯ ಆರಂಭದಲ್ಲಿಯೇ, 1882ರಲ್ಲಿ, ಎರಡೂ ರಾಜಧಾನಿಗಳಲ್ಲಿ ಸರ್ಕಾರಿ ರಂಗಮಂದಿರಗಳಿಗಿದ್ದ ಏಕಸ್ವಾಮ್ಯ ರದ್ದಾಗಿ ಖಾಸಗಿ ರಂಗಮಂದಿರಗಳಿಗೆ ಅವಕಾಶ ದೊರೆಯಿತು. ಲೇಖಕರ ಸಂಭಾವನೆಯ ನಿಯಮಗಳೂ ಪರಿಷ್ಕೃತವಾದವು. 1886ರಲ್ಲಿ ಬ್ಯಾಲೆ ಸಂಗೀತಕ್ಕೆಂದೇ ಇದ್ದ ಖಾಯಂ ಸಂಯೋಜಕರ ಹುದ್ದೆಯನ್ನು ರದ್ದುಪಡಿಸಲಾಯಿತು. ನೋಡಲು ಸಣ್ಣದೆನಿಸುವ ಈ ಆದೇಶದಿಂದಾಗಿ, ವೇತನದ ಸಂಯೋಜಕರಿಗೆ ಬದಲಾಗಿ ದೇಶದ ಶ್ರೇಷ್ಠ ಸಂಯೋಜಕರಿಗೆ ನೇರವಾಗಿ ಪತ್ರ ಬರೆದು ಕೃತಿಯನ್ನು ಬೇಡುವ ಮಾರ್ಗ ತೆರೆಯಿತು.

ಪಯೋತ್ರ್ ಇಲಿಚ್ ಚೈಕೋವ್‌ಸ್ಕಿ ಅವರಿಗೆ ಹಣಕಾಸಿನ ತೊಂದರೆ ಹೊಸದಾಗಿರಲಿಲ್ಲ. 1881ರಲ್ಲಿ ಅವರು ಚಕ್ರವರ್ತಿಗೆ ಮನವಿ ಸಲ್ಲಿಸಿ 3000 ರೂಬಲ್ ಸಾಲ ಕೋರಿದ್ದರು; ಆ ಮೊತ್ತವನ್ನು ಸಾಲವಾಗಿ ಅಲ್ಲದೆ ಕೊಡುಗೆಯಾಗಿಯೇ ನೀಡಲಾಗಿತ್ತು. ಆದರೆ ಒಮ್ಮೆ ದೊರೆತ ಕೊಡುಗೆ ಬೇರೆ, ವರ್ಷವರ್ಷವೂ ಬರುವ ವೇತನ ಬೇರೆ. ವ್ಸೆವೊಲೊಜ್‌ಸ್ಕಿ ಅವರು ಈ ವ್ಯತ್ಯಾಸವನ್ನು ಅರಿತು ಪ್ರಯತ್ನಿಸಿದ ಫಲವಾಗಿ ಸಂಯೋಜಕರಿಗೆ ವರ್ಷಕ್ಕೆ 3000 ರೂಬಲ್‌ಗಳ ಜೀವಿತಾವಧಿ ವಿಶ್ರಾಂತಿ ವೇತನ ಮಂಜೂರಾಯಿತು. 1888ರ ಜನವರಿಯಲ್ಲಿ ಜರ್ಮನಿಯ ಪ್ರವಾಸದಲ್ಲಿದ್ದ ಚೈಕೋವ್‌ಸ್ಕಿ ಅವರಿಗೆ ಈ ಸುದ್ದಿ ತಲುಪಿತು. ಅವರು ಚಕ್ರವರ್ತಿಗೂ ನಿರ್ದೇಶಕರಿಗೂ ಕೃತಜ್ಞತೆಯ ಪತ್ರಗಳನ್ನು ಬರೆದರು.

ಈ ಮಂಜೂರಾತಿಯ ಮಹತ್ವ ತಿಳಿದದ್ದು ಸುಮಾರು ಮೂರು ವರ್ಷಗಳ ನಂತರ. 1877ರಿಂದ ವರ್ಷಕ್ಕೆ 6000 ರೂಬಲ್ ನೀಡುತ್ತಾ ಬಂದಿದ್ದ ಶ್ರೀಮಂತ ಪೋಷಕಿ ನದೆಜ್ದಾ ಫಾನ್ ಮೆಕ್ ಅವರು 1890ರಲ್ಲಿ ತಮ್ಮ ನೆರವನ್ನು ನಿಲ್ಲಿಸಿದರು. ಖಾಸಗಿ ಔದಾರ್ಯ ಹೀಗೆ ಒಂದು ಪತ್ರದಲ್ಲಿ ಮುಗಿದಾಗ, ಆದೇಶದ ಮೇಲೆ ನಿಂತಿದ್ದ ವೇತನ ಮುಂದುವರಿಯಿತು.

1888ರ ಮೇ 13ರಂದು (ಆಗಿನ ರಷ್ಯಾದ ಪಂಚಾಂಗದಂತೆ, ಅದು ನಮ್ಮ ಇಂದಿನ ಪಂಚಾಂಗಕ್ಕಿಂತ 12 ದಿನ ಹಿಂದಿತ್ತು) ವ್ಸೆವೊಲೊಜ್‌ಸ್ಕಿ ಅವರು ಬರೆದ ಪತ್ರ ರಂಗ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಫ್ರಾನ್ಸಿನ ಷಾರ್ಲ್ ಪೆರೋ ಅವರ ನಿದ್ರಿಸುವ ರಾಜಕುಮಾರಿಯ ಕಥೆಯನ್ನು ಆಧರಿಸಿ ಬ್ಯಾಲೆ ರಚಿಸುವಂತೆ ಅದರಲ್ಲಿ ಸೂಚಿಸಲಾಗಿತ್ತು. ರಂಗಸಜ್ಜಿಕೆ ಹದಿನಾಲ್ಕನೆಯ ಲೂಯಿಯ ಆಸ್ಥಾನದ ಶೈಲಿಯಲ್ಲಿರಬೇಕು, ಸಂಗೀತದಲ್ಲಿ ಲುಲ್ಲಿ, ಬಾಕ್, ರಾಮೋ ಅವರ ಛಾಯೆ ಇರಬಹುದು, ಕೊನೆಯ ಅಂಕದಲ್ಲಿ ಪೆರೋ ಅವರ ಇತರ ಕಥೆಗಳ ಪಾತ್ರಗಳೆಲ್ಲ ಬಂದು ನರ್ತಿಸಬೇಕು ಎಂಬ ಸಲಹೆಗಳೂ ಇದ್ದವು. ಅಧಿಕಾರಿಯೊಬ್ಬರು ಕಲಾವಿದರಿಗೆ ಇಷ್ಟು ವಿವರವಾಗಿ ಸೂಚನೆ ನೀಡುವುದು ಸಾಮಾನ್ಯವಾಗಿ ಹಿತವೆನಿಸದು. ಇಲ್ಲಿ ಹಾಗಾಗಲಿಲ್ಲ. ಪತ್ರ ಏನು ಬೇಕೆಂಬುದನ್ನು ಸ್ಪಷ್ಟವಾಗಿ ಹೇಳಿತ್ತು, ಸ್ವರಗಳನ್ನು ಸಂಯೋಜಕರಿಗೇ ಬಿಟ್ಟಿತ್ತು. ಆಗಸ್ಟ್ ತಿಂಗಳಿನಲ್ಲಿ ಚೈಕೋವ್‌ಸ್ಕಿ ಅವರು ಕಥಾರೂಪವನ್ನು ಓದಿ ಸಂತೋಷದಿಂದ ಒಪ್ಪಿಗೆ ತಿಳಿಸಿದರು. ನೃತ್ಯ ಸಂಯೋಜಕ ಮಾರಿಯಸ್ ಪೆಟಿಪಾ ಅವರು ಯಾವ ನೃತ್ಯಕ್ಕೆ ಎಷ್ಟು ಸಂಗೀತ ಬೇಕೆಂದು ಲೆಕ್ಕ ಹಾಕಿ ಕೊಟ್ಟರು. ನಿರ್ದೇಶಕರು ವೇಷಭೂಷಣಗಳ ನಕ್ಷೆಗಳನ್ನು ಸ್ವತಃ ಬಿಡಿಸಿದರು. 1890ರ ಜನವರಿ 3ರಂದು ಮಾರಿನ್‌ಸ್ಕಿ ರಂಗಮಂದಿರದಲ್ಲಿ ಪ್ರಥಮ ಪ್ರದರ್ಶನ ನಡೆಯಿತು. ಈ ಕೃತಿಯನ್ನು ಚೈಕೋವ್‌ಸ್ಕಿ ಅವರು ವ್ಸೆವೊಲೊಜ್‌ಸ್ಕಿ ಅವರಿಗೆ ಅರ್ಪಿಸಿದರು.

ಅದೇ ವರ್ಷ ಪುಷ್ಕಿನ್ ಅವರ ಕಥೆಯನ್ನು ಆಧರಿಸಿದ ಇಸ್ಪೀಟು ರಾಣಿ ಎಂಬ ಒಪೆರಾವನ್ನು ಚೈಕೋವ್‌ಸ್ಕಿ ಅವರು ಫ್ಲಾರೆನ್ಸ್ ನಗರದಲ್ಲಿ 44 ದಿನಗಳಲ್ಲಿ ರಚಿಸಿದರು. ಇದಕ್ಕೂ ಪ್ರೇರಣೆ ನಿರ್ದೇಶಕರದೇ. ಕಥೆಯ ಕಾಲವನ್ನು ಕ್ಯಾಥರೀನ್ ಸಾಮ್ರಾಜ್ಞಿಯ ಯುಗಕ್ಕೆ ಬದಲಿಸಿದ ಸಲಹೆಯೂ ಅವರದೇ. ಆದರೆ 1891ರ ಆರಂಭದಲ್ಲಿ ಈ ಒಪೆರಾದ ಪ್ರದರ್ಶನಗಳು ನಿಂತಾಗ ಸಂಯೋಜಕರು ತೀವ್ರವಾಗಿ ನೊಂದು ಅಸಮಾಧಾನದ ಪತ್ರ ಬರೆದರು. ತಮ್ಮ ಕೃತಿ ಚಕ್ರವರ್ತಿಗೆ ಮೆಚ್ಚುಗೆಯಾಗಲಿಲ್ಲವೆಂಬ ಶಂಕೆ ಅವರಿಗಿತ್ತು. ನಿರ್ದೇಶಕರು ಆ ಪತ್ರವನ್ನು ಕಡತದಲ್ಲಿ ಸೇರಿಸಿ ಸುಮ್ಮನಾಗಲಿಲ್ಲ. ಶಂಕೆಗೆ ಆಧಾರವಿಲ್ಲವೆಂದು ಆತ್ಮೀಯವಾಗಿ ಉತ್ತರಿಸಿದರು.

ಇದರ ಬೆನ್ನಿಗೇ ಮತ್ತೊಂದು ಕೋರಿಕೆ ಬಂದಿತು. ನಟ್‌ಕ್ರ್ಯಾಕರ್ ಬ್ಯಾಲೆ ಹಾಗೂ ಇಯೊಲಾಂತಾ ಒಪೆರಾಗಳನ್ನು 1891-92ನೇ ಸಾಲಿಗೆ ಒಪ್ಪಿಕೊಂಡಿದ್ದ ಚೈಕೋವ್‌ಸ್ಕಿ ಅವರು, ಅಮೆರಿಕ ಪ್ರಯಾಣದ ಹಾದಿಯಲ್ಲಿ ಫ್ರಾನ್ಸಿನ ರೂವಾನ್ ಪಟ್ಟಣದಲ್ಲಿ ತಂಗಿದ್ದಾಗ, ಅವಸರದಲ್ಲಿ ಬರೆಯಲಾಗದು, ಒಂದು ವರ್ಷ ಕಾಲಾವಕಾಶ ಬೇಕೆಂದು ಪತ್ರ ಬರೆದರು. ಅವಧಿ ವಿಸ್ತರಣೆ ದೊರೆಯಿತು. 1892ರ ಡಿಸೆಂಬರ್ 6ರಂದು ಎರಡೂ ಕೃತಿಗಳು ಒಂದೇ ಸಂಜೆ ರಂಗವೇರಿದವು. ಮರುವರ್ಷದ ಅಕ್ಟೋಬರ್‌ನಲ್ಲಿ ಚೈಕೋವ್‌ಸ್ಕಿ ಅವರು ನಿಧನರಾದರು.

ಇಂತಹ ಆದರ ಎಲ್ಲ ಸಂಯೋಜಕರಿಗೂ ಸಮನಾಗಿ ಲಭಿಸಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕಾಗಿದೆ. 1883ರಲ್ಲಿ ಮುಸೋರ್ಗ್‌ಸ್ಕಿ ಅವರ ಖೊವಾನ್‌ಷಿನಾ ಒಪೆರಾವನ್ನು ಇವರ ಆಡಳಿತದ ಸಮಿತಿ ತಿರಸ್ಕರಿಸಿತು. ಪ್ರತಿಭಟಿಸಿ ರಿಮ್‌ಸ್ಕಿ-ಕೊರ್ಸಕೋವ್ ಅವರು ಸಮಿತಿಯಿಂದ ಹೊರನಡೆದರು. ಮುಂದೆ ಅವರ ಸದ್ಕೋ ಒಪೆರಾಕ್ಕೂ ಸರ್ಕಾರಿ ರಂಗಮಂದಿರದಲ್ಲಿ ಆಗ ಸ್ಥಾನ ದೊರೆಯಲಿಲ್ಲ. ಅದು 1898ರ ಆರಂಭದಲ್ಲಿ ಮಾಸ್ಕೋದ ಖಾಸಗಿ ತಂಡವೊಂದರಿಂದ ರಂಗಕ್ಕೆ ಬಂದಿತು. ಅಧಿಕಾರಿಯ ಅಭಿರುಚಿಯೇ ಅಳತೆಗೋಲಾದಲ್ಲಿ ಒಬ್ಬರಿಗೆ ಬಾಗಿಲು ತೆರೆದಷ್ಟೇ ಸುಲಭವಾಗಿ ಮತ್ತೊಬ್ಬರಿಗೆ ಮುಚ್ಚಿಯೂಬಿಡುತ್ತದೆ.

ವ್ಸೆವೊಲೊಜ್‌ಸ್ಕಿ ಅವರು 1899ರವರೆಗೆ ರಂಗಮಂದಿರಗಳ ಹೊಣೆ ಹೊತ್ತಿದ್ದರು. 1895ರಲ್ಲಿ ಸ್ವಾನ್ ಲೇಕ್ ಬ್ಯಾಲೆಯ ಹೊಸ ಪ್ರಯೋಗ ಹಾಗೂ 1898ರಲ್ಲಿ ಗ್ಲಾಜುನೋವ್ ಅವರ ರೇಮೊಂಡಾ ಇವರ ಅವಧಿಯಲ್ಲಿಯೇ ನಡೆದವು. ನಂತರ ಹರ್ಮಿಟೇಜ್ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿ ಸೇವೆ ಸಲ್ಲಿಸುತ್ತಾ 1909ರಲ್ಲಿ ನಿಧನರಾದರು.